ಚೀನಾಗೆ ದ್ವೀಪ ಬಿಟ್ಕೊಟ್ಟ ರಷ್ಯಾ ಜಪಾನ್‌ಗೆ ಯಾಕೆ ಕೊಡಲ್ಲ?

ಪ್ರಶ್ನೆ: ಸರ್, ರಷ್ಯಾ 2004ರಲ್ಲಿ ನದಿ ಮಧ್ಯದ ದ್ವೀಪಗಳನ್ನ ಚೀನಾಗೆ ಬಿಟ್ಕೊಟ್ಟು ಗಡಿ ಜಗಳ ಮುಗಿಸ್ಕೊಂಡ್ತು ಅಂತ ಓದಿದೆ. ಅದೇ ರಷ್ಯಾ ಜಪಾನ್ ಕೇಳ್ತಿರೋ ದ್ವೀಪಗಳ ವಿಷಯದಲ್ಲಿ 80 ವರ್ಷ ಆದ್ರೂ ಜಗ್ಗಲ್ಲ. ಇಬ್ರೂ ನೆರೆಯವರೇ, ಇಬ್ರ ಜೊತೆನೂ ರಕ್ತ ಹರಿದಿದೆ. ಮತ್ಯಾಕೆ ಈ ವ್ಯತ್ಯಾಸ? ಚೀನಾ ಜೊತೆ ಈಗ ಕಾಣ್ತಿರೋ ಸ್ನೇಹ ನಿಜವಾದದ್ದಾ?

ಉತ್ತರ: ಎರಡೂ ಕಡೆ ರಷ್ಯಾ ಹಾಕಿರೋ ಲೆಕ್ಕ ಒಂದೇ. ಈ ಜಾಗ ಬಿಟ್ಕೊಟ್ರೆ ನಂಗೇನು ಸಿಗುತ್ತೆ, ಬಿಟ್ಕೊಟ್ಟ ಮೇಲೆ ಅಲ್ಲಿ ಯಾರು ಬಂದು ಕೂರ್ತಾರೆ, ಇಷ್ಟೇ ಎರಡು ಪ್ರಶ್ನೆ. ಚೀನಾ ವಿಷಯದಲ್ಲಿ ಸಿಕ್ಕ ಉತ್ತರ ಮಾಸ್ಕೋಗೆ ಲಾಭದ್ದಾಗಿತ್ತು, ಜಪಾನ್ ವಿಷಯದಲ್ಲಿ ಇವತ್ತಿನವರೆಗೂ ಆಗಿಲ್ಲ. ದ್ವೀಪ ಎಷ್ಟು ದೊಡ್ಡದು, ಹಳೇ ಯುದ್ಧದ ಸಿಟ್ಟು ಎಷ್ಟು ಉಳಿದಿದೆ ಅನ್ನೋದೆಲ್ಲ ಆಮೇಲಿನ ಮಾತು. ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನಮ್ಮ ಟಿವಿ ಚರ್ಚೆಗಳಲ್ಲಿ ರಷ್ಯಾ-ಚೀನಾ ಅಣ್ಣತಮ್ಮಂದಿರು, ಜಪಾನ್ ಅಮೆರಿಕದ ಕಡೆಯವ್ರು ಅಂತ ಎರಡು ಮಾತಲ್ಲಿ ಮುಗಿಸಿಬಿಡ್ತಾರೆ, ಅದನ್ನ ಕೇಳಿದವರಿಗೆ ನಿಮ್ಮ ಪ್ರಶ್ನೆಗೆ ಉತ್ತರ ಸಿಗೋದೇ ಇಲ್ಲ.

ಚೀನಾ ಕಡೆಯಿಂದ ಶುರು ಮಾಡೋಣ. ಇವತ್ತು ಎರಡೂ ದೇಶಗಳ ಮಧ್ಯೆ ಸುಮಾರು 4,200 ಕಿ.ಮೀ. ಗಡಿ ಇದೆ, ಅದ್ರಲ್ಲಿ ಬಹುಪಾಲು ಅಮೂರ್, ಉಸ್ಸೂರಿ, ಅರ್ಗುನ್ ಅನ್ನೋ ನದಿಗಳೇ. ಈ ಗಡಿ ಹುಟ್ಟಿದ್ದು 1858ರ ಐಗುನ್ ಒಪ್ಪಂದ ಮತ್ತೆ 1860ರ ಪೀಕಿಂಗ್ ಒಪ್ಪಂದದಿಂದ. ಆಗ ಚೀನಾದ ಚಿಂಗ್ ದೊರೆಗಳು ಒಂದು ಕಡೆ ಬ್ರಿಟನ್-ಫ್ರಾನ್ಸ್ ಜೊತೆ ಎರಡನೇ ಅಫೀಮು ಯುದ್ಧ, ಇನ್ನೊಂದು ಕಡೆ ಒಳಗಡೆ ತೈಪಿಂಗ್ ದಂಗೆ ಅಂತ ಸಿಕ್ಕಾಕ್ಕೊಂಡಿದ್ರು. ಆ ಟೈಮ್ ನೋಡ್ಕೊಂಡು ಪೂರ್ವ ಸೈಬೀರಿಯಾದ ಗವರ್ನರ್ ಜನರಲ್ ಮುರವ್ಯೋವ್ ಒಂದೂ ದೊಡ್ಡ ಯುದ್ಧ ಮಾಡ್ದೆ ಅಮೂರ್ ನದಿಯ ಉತ್ತರ ದಂಡೆ ಪೂರ್ತಿ ಬರೆಸ್ಕೊಂಡ, ಎರಡು ವರ್ಷ ಬಿಟ್ಟು ಉಸ್ಸೂರಿಯಿಂದ ಸಮುದ್ರದವರೆಗಿನ ಜಾಗನೂ ರಷ್ಯಾಗೇ ಸೇರ್ತು. ಎರಡೂ ಸೇರಿಸಿದ್ರೆ ಸುಮಾರು 10 ಲಕ್ಷ ಚದರ ಕಿ.ಮೀ., ಅಂದ್ರೆ ಕರ್ನಾಟಕದಷ್ಟು ದೊಡ್ಡ ಐದು ರಾಜ್ಯ. ವ್ಲಾಡಿವೊಸ್ಟಾಕ್ ಊರು ಹುಟ್ಟಿದ್ದೂ ಅದೇ 1860ರಲ್ಲಿ. ಚೀನಾದ ಶಾಲಾ ಪುಸ್ತಕಗಳಲ್ಲಿ ಇವತ್ತಿಗೂ ಇವನ್ನ ಅಸಮಾನ ಒಪ್ಪಂದಗಳು ಅಂತಾನೇ ಹೇಳಿಕೊಡ್ತಾರೆ.

1964ರ ಜುಲೈನಲ್ಲಿ ಜಪಾನಿನ ಸೋಷಿಯಲಿಸ್ಟ್ ಪಕ್ಷದ ನಿಯೋಗ ಒಂದು ಬೀಜಿಂಗಿಗೆ ಹೋದಾಗ ಚೀನಾದ ನಾಯಕ ಮಾವೋ ಆ ನಿಯೋಗದ ಮುಂದೆ, ರಷ್ಯಾದವ್ರು ಬೈಕಲ್ ಸರೋವರದ ಆಚೆಗಿನ ಜಾಗ ತಗೊಂಡು ನೂರು ವರ್ಷ ಆಯ್ತು, ಅದರ ಲೆಕ್ಕ ನಾವಿನ್ನೂ ಕೇಳಿಲ್ಲ ಅನ್ನೋ ಅರ್ಥದಲ್ಲಿ ಮಾತಾಡಿದ್ರು. ಅದೇ ಮಾತುಕತೆಯಲ್ಲಿ ಕುರಿಲ್ ದ್ವೀಪಗಳು (ಜಪಾನ್ ಕೇಳ್ತಿರೋದು ಈ ಸಾಲಿನ ದಕ್ಷಿಣ ತುದಿಯವನ್ನ) ಜಪಾನಿಗೆ ವಾಪಸ್ ಹೋಗ್ಬೇಕು ಅಂತಾನೂ ಹೇಳಿದ್ರು. ಈ ಒಂದೇ ಸಂದರ್ಭ ಹಿಡ್ಕೊಂಡ್ರೆ ಸಾಕು, ಮಾಸ್ಕೋಗೆ ಎರಡು ಗಡಿ ಜಗಳ ಯಾಕೆ ಒಂದಕ್ಕೊಂದು ಅಂಟ್ಕೊಂಡಿವೆ ಅಂತ ಗೊತ್ತಾಗುತ್ತೆ. ಒಂದು ಕಡೆ ದಾರ ಸಡಿಲ ಬಿಟ್ರೆ ಇನ್ನೊಂದು ಕಡೆಯವ್ರೂ ಎಳೀತಾರೆ ಅನ್ನೋ ಭಯ ಅಲ್ಲಿನ ವಿದೇಶಾಂಗ ಇಲಾಖೆಯೊಳಗೆ ಆಗಿಂದ ಕೂತಿದೆ. ಐದು ವರ್ಷ ಆದ್ಮೇಲೆ, 1969ರ ಮಾರ್ಚ್ 2ಕ್ಕೆ, ಉಸ್ಸೂರಿ ನದಿ ಮಧ್ಯದ ದಮಾನ್ಸ್ಕಿ ದ್ವೀಪದಲ್ಲಿ ಗುಂಡು ಹಾರ್ತು. ಚೀನೀಯರು ಅದನ್ನ ಚೆನ್‌ಬಾವೋ ಅಂತಾರೆ. ಒಂದು ಚದರ ಕಿಲೋಮೀಟರ್ ಕೂಡ ಇಲ್ಲದ, ನೆರೆ ಬಂದ್ರೆ ಮುಳುಗೋ ದ್ವೀಪ ಅದು. ಮೊದಲ ದಿನವೇ 31 ಸೋವಿಯತ್ ಗಡಿ ಕಾವಲಿನವರು ಸತ್ರು, ಎರಡು ವಾರ ಬಿಟ್ಟು ಮತ್ತೆ ದೊಡ್ಡ ಕಾದಾಟ ಆಯ್ತು, ಎರಡು ಅಣ್ವಸ್ತ್ರ ದೇಶಗಳು ನೇರವಾಗಿ ಕೈ ಮಿಲಾಯಿಸಿದ್ದು ಅದೇ ಮೊದಲು.

ಜಗಳದ ಬೇರು ಎಲ್ಲಿತ್ತು ಅಂದ್ರೆ, ನದಿ ಗಡಿ ಅಂದ್ರೆ ಸಾಮಾನ್ಯವಾಗಿ ದೋಣಿ ಓಡಾಡೋ ಮುಖ್ಯ ಹರಿವಿನ ನಡುಗೆರೆ. ಆದ್ರೆ ಪೀಕಿಂಗ್ ಒಪ್ಪಂದಕ್ಕೆ ಲಗತ್ತಿಸಿದ್ದ ನಕ್ಷೆಯಲ್ಲಿ ಕೆಂಪು ಗೆರೆ ಚೀನಾ ದಂಡೆ ಮೇಲೇ ಹಾದು ಹೋಗಿತ್ತು, ಹಂಗಾಗಿ ನೀರು ಪೂರ್ತಿ ನಮ್ದು, ಅದರೊಳಗಿನ ದ್ವೀಪಗಳೂ ನಮ್ವೇ ಅಂತ ಸೋವಿಯತ್ ಹಠ ಹಿಡಿದಿತ್ತು. ಆ ಹಠ ಬಿಟ್ಟಿದ್ದು ಸೋವಿಯತ್ ನಾಯಕ ಗೊರ್ಬಚೋವ್. 1986ರ ಜುಲೈನಲ್ಲಿ ವ್ಲಾಡಿವೊಸ್ಟಾಕಿನಲ್ಲಿ ಭಾಷಣ ಮಾಡ್ತಾ, ಗಡಿ ಮುಖ್ಯ ಹರಿವಿನಲ್ಲಿ ಹೋಗ್ಬಹುದು ಅಂತ ಬಹಿರಂಗವಾಗಿ ಒಪ್ಕೊಂಡ್ರು. ಅಲ್ಲಿಂದ 1991ರ ಗಡಿ ಒಪ್ಪಂದ ಬಂತು, ದಮಾನ್ಸ್ಕಿ ಚೀನಾಗೆ ಹೋಯ್ತು. ಉಳಿದ ಕಗ್ಗಂಟು ಅಂದ್ರೆ ಖಬರೋವ್ಸ್ಕ್ ನಗರದ ಎದುರಿಗೇ ಇರೋ ಬೊಲ್ಶೋಯ್ ಉಸ್ಸೂರಿಸ್ಕಿ ಮತ್ತೆ ಪಕ್ಕದ ತರಬಾರೋವ್ ದ್ವೀಪ, ಜೊತೆಗೆ ಅರ್ಗುನ್ ನದಿಯ ಇನ್ನೊಂದು ದ್ವೀಪ. 2004ರ ಅಕ್ಟೋಬರ್‌ನಲ್ಲಿ ಪುಟಿನ್ ಬೀಜಿಂಗಿಗೆ ಹೋದಾಗ ಇವನ್ನ ಹೆಚ್ಚುಕಮ್ಮಿ ಅರ್ಧರ್ಧ ಹಂಚ್ಕೊಳ್ಳೋದು ಅಂತಾಯ್ತು, 2008ರ ಅಕ್ಟೋಬರ್‌ನಲ್ಲಿ ಗಡಿ ಕಲ್ಲು ನೆಟ್ಟು ಹಸ್ತಾಂತರ ಮುಗೀತು. ಖಬರೋವ್ಸ್ಕ್ ಜನಕ್ಕೆ ಇದು ಹಿಡಿಸ್ಲಿಲ್ಲ, ಆ ದ್ವೀಪದಲ್ಲಿ ಅವರ ತೋಟದ ಮನೆಗಳಿದ್ವು, ಪ್ರತಿಭಟನೆನೂ ಮಾಡಿದ್ರು, ಆದ್ರೆ ಮಾಸ್ಕೋ ಅವರನ್ನ ಕೇಳಿ ಸಹಿ ಹಾಕಿರ್ಲಿಲ್ಲ.

ಈಗ ಲೆಕ್ಕ ನೋಡಿ. ರಷ್ಯಾ ಬಿಟ್ಟಿದ್ದು ಕೆಲವು ನೂರು ಚದರ ಕಿ.ಮೀ. ಅಷ್ಟೇ. ಪಡೆದಿದ್ದು ಉಳಿದ 10 ಲಕ್ಷ ಚದರ ಕಿ.ಮೀ. ಮೇಲೆ ಚೀನಾದ ಸಹಿ. ಗಡಿ ಪೂರ್ತಿ ಇತ್ಯರ್ಥ ಆಯ್ತು, ಇನ್ನು ಯಾವ ಕ್ಲೇಮೂ ಇಲ್ಲ ಅಂತ ಬೀಜಿಂಗ್ ಕಾನೂನುಬದ್ಧವಾಗಿ ಬರೆದುಕೊಡ್ತು. ಒಂದು ಕಾಲದಲ್ಲಿ ಲಕ್ಷಗಟ್ಟಲೆ ಸೈನಿಕರನ್ನ ನಿಲ್ಲಿಸ್ಬೇಕಾಗಿದ್ದ ಗಡಿ ಸುಮ್ಮನಾಯ್ತು. ರಷ್ಯಾದ ಇಡೀ ದೂರಪೂರ್ವದಲ್ಲಿ ಇರೋದು 80 ಲಕ್ಷದಷ್ಟು ಜನ, ನದಿಯ ಆಚೆ ದಡದ ಹೈಲಾಂಗ್‌ಜಿಯಾಂಗ್ ಪ್ರಾಂತ್ಯ ಒಂದ್ರಲ್ಲೇ 3 ಕೋಟಿ ಜನ ಇದ್ದಾರೆ. ಇಂಥ ಕಡೆ ನಿಶ್ಚಿಂತೆ ಸಿಗೋದಾದ್ರೆ ಎರಡು ಜೌಗು ದ್ವೀಪ ಯಾವ ಲೆಕ್ಕ? ನನ್ನ ಅಭಿಪ್ರಾಯದಲ್ಲಿ ಸೋವಿಯತ್ ಒಡೆದ ಮೇಲೆ ರಷ್ಯಾ ಮಾಡಿದ ಅತ್ಯಂತ ಜಾಣ ರಾಜತಾಂತ್ರಿಕ ಕೆಲಸ ಇದೇ. 2022ರಲ್ಲಿ ದೂರಪೂರ್ವದ ಪಡೆಗಳನ್ನ ಎತ್ಕೊಂಡು ಹೋಗಿ ಉಕ್ರೇನ್ ಕಡೆ ಹಾಕೋಕೆ ಸಾಧ್ಯ ಆಗಿದ್ದೂ ಇದ್ರಿಂದಾನೇ, ಅದರ ಪರಿಣಾಮ ಏನಾಯ್ತು ಅಂತ ನೋಡ್ತಾನೇ ಇದೀವಿ.

ಇನ್ನು ಜಪಾನ್. ಕುನಶಿರ್, ಇತುರುಪ್, ಶಿಕೋತನ್, ಹಬೋಮಾಯ್ ಗುಂಪು, ಈ ನಾಲ್ಕನ್ನ ಜಪಾನ್ ಉತ್ತರದ ಪ್ರಾಂತ್ಯ ಅಂತ ಕರೆಯುತ್ತೆ, ರಷ್ಯಾ ದಕ್ಷಿಣ ಕುರಿಲ್ ಅನ್ನುತ್ತೆ. ಒಟ್ಟು 5,000 ಚದರ ಕಿ.ಮೀ. ಆಸುಪಾಸು. 1855ರ ಶಿಮೋಡ ಒಪ್ಪಂದದಲ್ಲಿ ಗಡಿ ಇತುರುಪ್ ಆಚೆಗೆ ಬಂದಿತ್ತು, ಅಂದ್ರೆ ಈ ನಾಲ್ಕೂ ಜಪಾನಿನವೇ. ಆ ಒಪ್ಪಂದಕ್ಕೆ ಸಹಿ ಬಿದ್ದ ಫೆಬ್ರವರಿ 7ನ್ನೇ ಜಪಾನ್ ಈಗ ಪ್ರತಿವರ್ಷ ಉತ್ತರದ ಪ್ರಾಂತ್ಯಗಳ ದಿನ ಅಂತ ಆಚರಿಸುತ್ತೆ. 1875ರಲ್ಲಿ ಸಖಾಲಿನ್ ಪೂರ್ತಿ ರಷ್ಯಾಗೆ, ಕುರಿಲ್ ಸರಪಳಿ ಪೂರ್ತಿ ಜಪಾನಿಗೆ ಅಂತ ಅದಲುಬದಲು ಆಯ್ತು, 1905ರಲ್ಲಿ ಯುದ್ಧ ಸೋತ ರಷ್ಯಾ ದಕ್ಷಿಣ ಸಖಾಲಿನ್ ಕಳ್ಕೊಂಡ್ತು.

1945 ಬಂದಾಗ ಇದೆಲ್ಲ ಉಲ್ಟಾ. ಫೆಬ್ರವರಿಯಲ್ಲಿ ಯಾಲ್ಟಾದಲ್ಲಿ ರೂಸ್‌ವೆಲ್ಟ್, ಚರ್ಚಿಲ್ ಮುಂದೆ ಸ್ಟಾಲಿನ್, ಜರ್ಮನಿ ಬಿದ್ದ ಎರಡು-ಮೂರು ತಿಂಗಳಲ್ಲಿ ನಾನು ಜಪಾನ್ ಮೇಲೆ ಯುದ್ಧಕ್ಕೆ ಇಳೀತೀನಿ, ನಂಗೆ ದಕ್ಷಿಣ ಸಖಾಲಿನ್ ಮತ್ತೆ ಕುರಿಲ್ ಕೊಡ್ಬೇಕು ಅಂತ ಮಾತು ತಗೊಂಡ. 1941ರಲ್ಲಿ ಜಪಾನ್ ಜೊತೆ ಮಾಡ್ಕೊಂಡಿದ್ದ ಐದು ವರ್ಷದ ತಟಸ್ಥ ಒಪ್ಪಂದದ ಅವಧಿ ಇನ್ನೂ ಮುಗಿದಿರ್ಲಿಲ್ಲ. ಆಗಸ್ಟ್ 8ಕ್ಕೆ ಯುದ್ಧ ಘೋಷಣೆ, ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ 5ರೊಳಗೆ ನಾಲ್ಕೂ ದ್ವೀಪ ಸೋವಿಯತ್ ಕೈಗೆ. ಜಪಾನ್ ಶರಣಾಗತಿ ಪತ್ರಕ್ಕೆ ಸಹಿ ಹಾಕಿದ್ದು ಸೆಪ್ಟೆಂಬರ್ 2ಕ್ಕೆ, ಅದಾದ್ಮೇಲೂ ಆಕ್ರಮಣ ನಿಲ್ಲಲಿಲ್ಲ ಅನ್ನೋದು ಜಪಾನೀಯರ ಮನಸ್ಸಲ್ಲಿ ಆರದ ಗಾಯ. ಅಲ್ಲಿದ್ದ ಸುಮಾರು 17,000 ಜನರನ್ನ ಮುಂದಿನ ವರ್ಷಗಳಲ್ಲಿ ಹೊರಹಾಕಿದ್ರು. ಸುಮಾರು 6 ಲಕ್ಷ ಜಪಾನಿ ಸೈನಿಕರನ್ನ ಸೈಬೀರಿಯಾಗೆ ಸೆರೆ ಒಯ್ದು ದುಡಿಸಿದ್ರಲ್ಲ, ಅವರಲ್ಲಿ ಹತ್ತಿರಹತ್ತಿರ 60,000 ಜನ ವಾಪಸ್ ಬರ್ಲೇ ಇಲ್ಲ. ಇದನ್ನ ಮರೆತು ಜಪಾನ್ ಸುಮ್ನೆ ಹಠ ಮಾಡುತ್ತೆ ಅನ್ನೋದು ನ್ಯಾಯ ಅಲ್ಲ. ಹಾಗೇ ರಷ್ಯಾದವರೂ ಒಂದು ನೆನಪು ಇಟ್ಕೊಂಡಿದ್ದಾರೆ, 1941ರ ನವೆಂಬರ್‌ನಲ್ಲಿ ಪರ್ಲ್ ಹಾರ್ಬರ್ ಮೇಲೆ ದಾಳಿಗೆ ಹೊರಟ ಜಪಾನಿ ಹಡಗುಗಳು ಗುಟ್ಟಾಗಿ ಸೇರಿದ್ದು ಇದೇ ಇತುರುಪ್‌ನ ಒಂದು ಕೊಲ್ಲಿಯಲ್ಲಿ. ಸೈನ್ಯದ ದೃಷ್ಟಿಯಿಂದ ಆ ಜಾಗದ ಬೆಲೆ ಏನು ಅಂತ ಇದ್ರಲ್ಲೇ ಗೊತ್ತಾಗುತ್ತೆ.

1951ರ ಸ್ಯಾನ್ ಫ್ರಾನ್ಸಿಸ್ಕೋ ಶಾಂತಿ ಒಪ್ಪಂದದಲ್ಲಿ ಜಪಾನ್ ಕುರಿಲ್ ಮೇಲಿನ ಹಕ್ಕು ಬಿಡ್ತೀನಿ ಅಂತ ಬರೆದುಕೊಡ್ತು, ಆದ್ರೆ ಯಾರಿಗೆ ಬಿಡ್ತೀನಿ ಅಂತ ಅದರಲ್ಲಿ ಇಲ್ಲ, ಸೋವಿಯತ್ ಸಹಿನೂ ಹಾಕ್ಲಿಲ್ಲ. (ಆ ಸಮ್ಮೇಳನಕ್ಕೆ ನಮ್ಮ ಭಾರತ ಹೋಗ್ಲೇ ಇಲ್ಲ, ನೆಹರೂ ಸರ್ಕಾರ 1952ರಲ್ಲಿ ಜಪಾನ್ ಜೊತೆ ಬೇರೆಯಾಗೇ ಶಾಂತಿ ಒಪ್ಪಂದ ಮಾಡ್ಕೊಂಡ್ತು.) ಈ ನಾಲ್ಕು ಕುರಿಲ್‌ಗೆ ಸೇರಿದವೇ ಅಲ್ಲ ಅನ್ನೋದು ಆಮೇಲಿಂದ ಟೋಕಿಯೋ ಹಿಡಿದಿರೋ ವಾದ.

ನಿಮ್ಮ ಪ್ರಶ್ನೆಯಲ್ಲಿ ಒಂದು ತಿದ್ದುಪಡಿ ಮಾಡ್ಬೇಕು, ರಷ್ಯಾ ಯಾವತ್ತೂ ಜಗ್ಗಿಲ್ಲ ಅನ್ನೋದು ಪೂರ್ತಿ ಸರಿಯಲ್ಲ. 1956ರ ಅಕ್ಟೋಬರ್ 19ಕ್ಕೆ ಜಪಾನಿನ ಪ್ರಧಾನಿ ಹಟೋಯಾಮ ಮಾಸ್ಕೋಗೆ ಹೋಗಿ ಜಂಟಿ ಘೋಷಣೆಗೆ ಸಹಿ ಹಾಕಿದ್ರು. ಶಾಂತಿ ಒಪ್ಪಂದ ಆದ್ಮೇಲೆ ಶಿಕೋತನ್ ಮತ್ತೆ ಹಬೋಮಾಯ್ ಎರಡನ್ನೂ ಜಪಾನಿಗೆ ಒಪ್ಪಿಸ್ತೀವಿ ಅಂತ ಸೋವಿಯತ್ ಅದರಲ್ಲಿ ಬರೆದುಕೊಟ್ಟಿದೆ, ಎರಡೂ ಸಂಸತ್ತುಗಳು ಅನುಮೋದನೆನೂ ಕೊಟ್ಟಿವೆ. ಆದ್ರೆ ಈ ಎರಡು ಸೇರಿದ್ರೆ ಕೇಳ್ತಿರೋ ಜಾಗದ ಶೇ 7 ಅಷ್ಟೇ. ಅದಕ್ಕೇ ಒಪ್ಕೊಂಡು ಮುಗಿಸೋಣ ಅನ್ನೋರು ಟೋಕಿಯೋದಲ್ಲೂ ಇದ್ರು, ಆಗ ಅಮೆರಿಕದ ವಿದೇಶಾಂಗ ಮಂತ್ರಿ ಡಲ್ಲೆಸ್, ಉಳಿದ ಎರಡು ರಷ್ಯಾಗೆ ಬಿಟ್ಕೊಟ್ರೆ ಓಕಿನಾವ (ಆಗ ಅಮೆರಿಕದ ಕೈಯಲ್ಲಿದ್ದ ಜಪಾನಿನ ದ್ವೀಪ) ನಾವೇ ಇಟ್ಕೋಬೇಕಾಗುತ್ತೆ ಅನ್ನೋ ರೀತಿ ಬೆದರಿಕೆ ಹಾಕಿದ್ರು. ಜಪಾನ್ ಮತ್ತೆ ರಷ್ಯಾ ರಾಜಿ ಆಗೋದು ವಾಷಿಂಗ್ಟನ್‌ಗೆ ಬೇಕಾಗಿರ್ಲಿಲ್ಲ. 1960ರಲ್ಲಿ ಜಪಾನ್-ಅಮೆರಿಕ ಭದ್ರತಾ ಒಪ್ಪಂದ ಹೊಸದಾಗಿ ಆದಾಗ ಸೋವಿಯತ್ ತಿರುಗಿಬಿತ್ತು, ಜಪಾನ್ ನೆಲದಿಂದ ವಿದೇಶಿ ಸೈನ್ಯ ಪೂರ್ತಿ ಹೋಗೋವರೆಗೂ ಆ ಎರಡನ್ನೂ ಕೊಡಲ್ಲ ಅಂತು. ಬಿಟ್ಕೊಟ್ಟ ಮೇಲೆ ಅಲ್ಲಿ ಯಾರು ಬಂದು ಕೂರ್ತಾರೆ ಅಂತ ಮೊದಲು ಹೇಳಿದ್ನಲ್ಲ, ಆ ಪ್ರಶ್ನೆ ಬಾಯಿಬಿಟ್ಟು ಹೊರಗೆ ಬಂದಿದ್ದು ಇಲ್ಲಿ.

ನಕ್ಷೆ ತೆಗೆದು ಓಖೋಟ್ಸ್ಕ್ ಸಮುದ್ರ ನೋಡಿ. ಒಂದು ಕಡೆ ರಷ್ಯಾದ ಮುಖ್ಯಭೂಮಿ, ಒಂದು ಕಡೆ ಕಮ್ಚಾಟ್ಕಾ, ಇನ್ನೊಂದು ಕಡೆ ಸಖಾಲಿನ್, ಪೆಸಿಫಿಕ್ ಕಡೆಗೆ ಬೇಲಿ ಹಾಕ್ದಂಗೆ ಕುರಿಲ್ ಸಾಲು. ಅಣ್ವಸ್ತ್ರ ಕ್ಷಿಪಣಿ ಹೊತ್ತ ರಷ್ಯಾದ ಜಲಾಂತರ್ಗಾಮಿಗಳು ಕಮ್ಚಾಟ್ಕಾದ ನೆಲೆಯಿಂದ ಹೊರಟು ಈ ಸಮುದ್ರದೊಳಗೆ ಅಡಗಿ ಕೂರ್ತವೆ. ಕುನಶಿರ್ ಮತ್ತೆ ಇತುರುಪ್ ಅಕ್ಕಪಕ್ಕದ ಜಲಸಂಧಿಗಳು ಆಳವಾಗಿವೆ, ಚಳಿಗಾಲದಲ್ಲೂ ಹಡಗು ಓಡಾಡ್ಬಹುದು. ಅಂಥ ಬಾಗಿಲ ಪಕ್ಕ ಅಮೆರಿಕದ ರಾಡಾರ್, ಕ್ಷಿಪಣಿ ಬರಲ್ಲ ಅಂತ ಜಪಾನ್ ಗ್ಯಾರಂಟಿ ಕೊಡೋಕಾಗುತ್ತಾ? ಭದ್ರತಾ ಒಪ್ಪಂದದ ಪ್ರಕಾರ ಜಪಾನ್ ಆಡಳಿತದ ಯಾವ ನೆಲದಲ್ಲಾದ್ರೂ ನೆಲೆ ಕೇಳೋ ಅವಕಾಶ ಅಮೆರಿಕಕ್ಕಿದೆ. ಈ ದ್ವೀಪಗಳಿಗೆ ಮಾತ್ರ ಅದು ಅನ್ವಯಿಸಲ್ಲ ಅಂತ ಜಪಾನ್ ಒಪ್ಕೊಂಡ್ರೆ, ನಾಳೆ ಜಪಾನ್ ಕೈಯಲ್ಲಿರೋ, ಚೀನಾ ತನ್ನದು ಅನ್ನೋ ಸೆಂಕಾಕು ದ್ವೀಪಗಳ ವಿಷಯದಲ್ಲಿ ಚೀನಾ ಅದನ್ನೇ ಎತ್ತಿ ತೋರಿಸುತ್ತೆ. ಹಂಗಾಗಿ ಟೋಕಿಯೋಗೂ ಬಾಯಿ ಕಟ್ಟಿದೆ. 2016ರ ನವೆಂಬರ್‌ನಲ್ಲಿ ಪುಟಿನ್ ಜಪಾನ್ ಭೇಟಿಗೆ ಸರಿಯಾಗಿ ಮುಂಚೆ ರಷ್ಯಾ ಇತುರುಪ್, ಕುನಶಿರ್ ಎರಡ್ರಲ್ಲೂ ಹಡಗು ಹೊಡೆಯೋ ಬ್ಯಾಸ್ಟಿಯನ್, ಬಾಲ್ ಕ್ಷಿಪಣಿಗಳನ್ನ ತಂದು ನಿಲ್ಲಿಸ್ತು.

ಆಗಿನ ಜಪಾನ್ ಪ್ರಧಾನಿ ಶಿಂಜೋ ಅಬೆ ಈ ವಿಷಯದಲ್ಲಿ ಪಟ್ಟ ಪ್ರಯತ್ನದ ಬಗ್ಗೆ ನಂಗೆ ಗೌರವ ಇದೆ. ಪುಟಿನ್ ಅವರನ್ನ 27 ಸಲ ಭೇಟಿ ಮಾಡಿದ್ರು. ಅವರ ಲೆಕ್ಕ ಬರೀ ದ್ವೀಪದ್ದಾಗಿರ್ಲಿಲ್ಲ, ರಷ್ಯಾ ಪೂರ್ತಿಯಾಗಿ ಚೀನಾ ಮಡಿಲಿಗೆ ಬಿದ್ರೆ ಜಪಾನಿಗೆ ಉಳಿಗಾಲ ಇಲ್ಲ ಅನ್ನೋದು ಅವರಿಗೆ ಚೆನ್ನಾಗಿ ಗೊತ್ತಿತ್ತು. 2016ರಲ್ಲಿ ಎಂಟು ಅಂಶದ ಆರ್ಥಿಕ ಸಹಕಾರ ಯೋಜನೆ ಮುಂದಿಟ್ರು, 2018ರ ನವೆಂಬರ್‌ನಲ್ಲಿ ಸಿಂಗಾಪುರದಲ್ಲಿ 1956ರ ಘೋಷಣೆಯನ್ನೇ ಆಧಾರವಾಗಿಟ್ಕೊಂಡು ಮಾತುಕತೆ ಚುರುಕು ಮಾಡೋಣ ಅಂತ ಒಪ್ಕೊಂಡ್ರು, ಅಂದ್ರೆ ನಾಲ್ಕು ಬಿಟ್ಟು ಎರಡಕ್ಕೆ ಇಳಿಯೋಕೆ ತಯಾರಾದ್ರು ಅಂತಲೇ ಎಲ್ರೂ ಅರ್ಥ ಮಾಡ್ಕೊಂಡಿದ್ದು. ಅದಕ್ಕೆ ಪುಟಿನ್, ಒಪ್ಪಿಸ್ತೀವಿ ಅಂತ ಬರೆದಿದೆ ನಿಜ, ಆದ್ರೆ ಯಾವ ಷರತ್ತಿನ ಮೇಲೆ, ಯಾರ ಸಾರ್ವಭೌಮತ್ವದಲ್ಲಿ ಅಂತ ಬರೆದಿಲ್ವಲ್ಲ ಅಂದ್ರು. ಎರಡು ತಿಂಗಳು ಬಿಟ್ಟು ರಷ್ಯಾದ ವಿದೇಶಾಂಗ ಮಂತ್ರಿ ಲಾವ್ರೋವ್, ಮೊದಲು ಎರಡನೇ ಮಹಾಯುದ್ಧದ ಫಲಿತಾಂಶ ಒಪ್ಕೊಳ್ಳಿ, ಎಲ್ಲ ದ್ವೀಪನೂ ರಷ್ಯಾದವೇ ಅನ್ನಿ, ಆಮೇಲೆ ಮಾತು ಅಂದ್ರು. 2020ರಲ್ಲಿ ದೇಶದ ಭೂಮಿ ಪರಭಾರೆ ಮಾಡಂಗಿಲ್ಲ ಅಂತ ರಷ್ಯಾ ಸಂವಿಧಾನಕ್ಕೇ ತಿದ್ದುಪಡಿ ಬಂತು. ಆಮೇಲೆ ಬರೋ ಯಾವ ನಾಯಕನಿಗೂ ಇದು ಸಲೀಸಾಗಿ ದಾಟೋ ಗೋಡೆ ಅಲ್ಲ.

ಇಲ್ಲಿ ನೀವು ಕೇಳ್ಬಹುದು, ಜಪಾನ್ ಹತ್ರ ದುಡ್ಡಿತ್ತು, ಟೆಕ್ನಾಲಜಿ ಇತ್ತು, ರಷ್ಯಾಗೆ ಅದು ಬೇಕಾಗಿತ್ತಲ್ವಾ, ಚೀನಾ ಒಂದನ್ನೇ ನೆಚ್ಕೊಂಡು ಕೂರೋದು ಅಪಾಯ ಅಂತ ಅವರಿಗೆ ಗೊತ್ತಿರ್ಲಿಲ್ವಾ? ಚೆನ್ನಾಗೇ ಗೊತ್ತಿತ್ತು. ಅದಕ್ಕೆ ಸಾಕ್ಷಿಯಾಗಿ ಪೂರ್ವ ಸೈಬೀರಿಯಾದ ತೈಲ ಪೈಪ್‌ಲೈನ್ ಕಥೆ ಹೇಳ್ತೀನಿ, ರಷ್ಯಾ ಈ ಇಬ್ಬರು ನೆರೆಯವರನ್ನ ಹೇಗೆ ತೂಗುತ್ತೆ ಅಂತ ಅರ್ಥ ಮಾಡ್ಕೊಳ್ಳೋಕೆ ಇದಕ್ಕಿಂತ ಒಳ್ಳೆ ಉದಾಹರಣೆ ನಂಗೆ ಸಿಕ್ಕಿಲ್ಲ.

2000ದ ಆಸುಪಾಸಿನಲ್ಲಿ ರಷ್ಯಾದ ಯೂಕೊಸ್ ತೈಲ ಕಂಪನಿಯ ಖೊಡೊರ್ಕೊವ್ಸ್ಕಿ, ಅಂಗಾರ್ಸ್ಕ್‌ನಿಂದ ಚೀನಾದ ದಾಚಿಂಗ್‌ಗೆ ನೇರ ಪೈಪ್ ಎಳೆಯೋಣ ಅಂತ ಹೊರಟಿದ್ರು. 2003ರ ಜನವರಿಯಲ್ಲಿ ಜಪಾನ್ ಪ್ರಧಾನಿ ಕೊಯಿಝುಮಿ ಮಾಸ್ಕೋಗೆ ಹೋಗಿ, ಚೀನಾಗೆ ಬೇಡ, ಪೆಸಿಫಿಕ್ ದಡದ ನಖೋಡ್ಕಾವರೆಗೆ ತನ್ನಿ, ದುಡ್ಡಿನ ಸಹಾಯ ನಾವು ಮಾಡ್ತೀವಿ ಅಂತ ಒತ್ತಾಯ ಮಾಡಿದ್ರು. ಚೀನಾ ದಾರಿ ಚಿಕ್ಕದು, ಖರ್ಚು ಕಮ್ಮಿ, ಆದ್ರೆ ಪೈಪಿನ ಆ ತುದಿಯಲ್ಲಿ ಒಬ್ಬನೇ ಗಿರಾಕಿ. ಸಮುದ್ರದವರೆಗೆ ಎಳೆದ್ರೆ ದೂರ ಜಾಸ್ತಿ, ಖರ್ಚು ವಿಪರೀತ, ಆದ್ರೆ ಬಂದರಿಗೆ ಬಂದ ತೈಲವನ್ನ ಜಪಾನ್, ಕೊರಿಯಾ, ಅಮೆರಿಕ, ಚೀನಾ ಯಾರಿಗ್ ಬೇಕಾದ್ರೂ ಮಾರ್ಬಹುದು. 2003ರ ಅಕ್ಟೋಬರ್‌ನಲ್ಲಿ ಖೊಡೊರ್ಕೊವ್ಸ್ಕಿ ಅರೆಸ್ಟ್ ಆದ್ರು, ಅದಕ್ಕೆ ಕಾರಣ ಬೇರೆ ಬೇರೆ, ಆದ್ರೆ ದಾಚಿಂಗ್ ಪ್ಲಾನ್ ಅಲ್ಲಿಗೆ ನಿಂತುಹೋಯ್ತು. 2004ರ ಡಿಸೆಂಬರ್ ಕೊನೆಯಲ್ಲಿ ಸರ್ಕಾರ ತೈಶೆಟ್‌ನಿಂದ ಪೆಸಿಫಿಕ್‌ವರೆಗೆ ಅಂತ ಆದೇಶ ಹೊರಡಿಸ್ತು. ಟೋಕಿಯೋದಲ್ಲಿ ಗೆದ್ವಿ ಅನ್ಕೊಂಡ್ರು. 2006ರ ಏಪ್ರಿಲ್‌ನಲ್ಲಿ ತೋಮ್ಸ್ಕ್‌ನ ಒಂದು ಸಭೆಯಲ್ಲಿ ಪುಟಿನ್ ಎದ್ದು ಹೋಗಿ ಗೋಡೆ ಮೇಲಿದ್ದ ನಕ್ಷೆಯಲ್ಲಿ ಪೆನ್ನಿನಿಂದ ಗೆರೆ ಎಳೆದು, ಬೈಕಲ್ ಸರೋವರದಿಂದ ಕನಿಷ್ಠ 40 ಕಿ.ಮೀ. ದೂರ ಹೋಗ್ಬೇಕು ಅಂತ ಸರ್ಕಾರಿ ಪೈಪ್‌ಲೈನ್ ಕಂಪನಿ ಟ್ರಾನ್ಸ್‌ನೆಫ್ಟ್ ಮುಖ್ಯಸ್ಥರಿಗೆ ಎಲ್ಲರ ಮುಂದೆ ಹೇಳಿದ್ರು. ದಾರಿ ಇನ್ನೂ ಉದ್ದ ಆಯ್ತು, ಖರ್ಚೂ ಏರ್ತು.

ಅಷ್ಟರಲ್ಲಿ 2008ರ ಆರ್ಥಿಕ ಕುಸಿತ ಬಂತು. ತೈಲ ಬೆಲೆ ಪಾತಾಳಕ್ಕೆ ಇಳೀತು, ಸರ್ಕಾರಿ ತೈಲ ಕಂಪನಿ ರೋಸ್‌ನೆಫ್ಟ್, ಟ್ರಾನ್ಸ್‌ನೆಫ್ಟ್ ಎರಡಕ್ಕೂ ಸಾಲ ಹುಟ್ಟದ ಪರಿಸ್ಥಿತಿ. ಆ ಹೊತ್ತಲ್ಲಿ ಕೈಯಲ್ಲಿ ದುಡ್ಡು ಹಿಡ್ಕೊಂಡು ನಿಂತಿದ್ದು ಚೀನಾ ಒಂದೇ. 2009ರಲ್ಲಿ ಚೀನಾ ಡೆವಲಪ್‌ಮೆಂಟ್ ಬ್ಯಾಂಕ್ 2,500 ಕೋಟಿ ಡಾಲರ್ ಸಾಲ ಕೊಡ್ತು, ರೋಸ್‌ನೆಫ್ಟ್‌ಗೆ 1,500 ಕೋಟಿ, ಟ್ರಾನ್ಸ್‌ನೆಫ್ಟ್‌ಗೆ 1,000 ಕೋಟಿ, ಬದಲಿಗೆ 20 ವರ್ಷ ಕಾಲ ವರ್ಷಕ್ಕೆ 1.5 ಕೋಟಿ ಟನ್ ತೈಲ. ಸ್ಕೊವೊರೊಡಿನೊದಿಂದ ದಾಚಿಂಗ್‌ಗೆ ಹೋಗೋ ಕವಲು ಪೈಪು 2011ರ ಜನವರಿ 1ರಿಂದಲೇ ಹರಿಯೋಕೆ ಶುರು ಆಯ್ತು, ಪೆಸಿಫಿಕ್ ದಡದ ಕೊಝ್ಮಿನೊ ಬಂದರಿನವರೆಗಿನ ಉಳಿದ ಭಾಗ ಮುಗಿದಿದ್ದು 2012ರ ಡಿಸೆಂಬರ್‌ಗೆ, ಅಲ್ಲೀವರೆಗೆ ಬಂದರಿಗೆ ತೈಲ ರೈಲಲ್ಲಿ ಹೋಗ್ತಿತ್ತು. ಜಪಾನಿಗೋಸ್ಕರ ಅಂತ ಶುರುವಾದ ದಾರಿಯಲ್ಲಿ ಪೈಪಿನ ತೈಲ ಮೊದಲು ಮುಟ್ಟಿದ್ದು ಚೀನಾಗೆ. ಇನ್ನೂ ಕೇಳಿ, ಹರಿವು ಶುರುವಾದ ಮೊದಲ ವರ್ಷದಲ್ಲೇ ಸಾಗಣೆ ದರದ ಲೆಕ್ಕ ಸರಿಯಿಲ್ಲ ಅಂತ ಚೀನಾ ಕಂಪನಿ ಕಮ್ಮಿ ದುಡ್ಡು ಕೊಡೋಕೆ ಶುರು ಮಾಡ್ತು, ಜಗಳ ಆಯ್ತು, ಕೊನೆಗೆ 2012ರಲ್ಲಿ ರಷ್ಯಾನೇ ಬ್ಯಾರೆಲ್‌ಗೆ ಒಂದೂವರೆ ಡಾಲರ್ ರಿಯಾಯ್ತಿ ಕೊಟ್ಟು ಸಮಾಧಾನ ಮಾಡ್ತು. ಪೈಪು ನೆಲದಲ್ಲಿ ಹೂತಾದ್ಮೇಲೆ ಮಾರೋನ ಕೈ ಸಡಿಲ ಆಗುತ್ತೆ ಅನ್ನೋದು ಆಗಲೇ ರಷ್ಯಾದವರಿಗೆ ಅನುಭವಕ್ಕೆ ಬಂದಿತ್ತು.

ಹಂಗಿದ್ರೂ 2014ರವರೆಗೆ ಇಬ್ಬರ ಮಧ್ಯೆ ತೂಗಿಸ್ಕೊಂಡು ಹೋಗೋ ಆಟ ನಡೀತಿತ್ತು. ಉಕ್ರೇನಿನ ಕ್ರಿಮಿಯಾವನ್ನ ರಷ್ಯಾ ವಶಪಡಿಸ್ಕೊಂಡ ಮೇಲೆ ಅದು ಕಷ್ಟ ಆಯ್ತು. ಮಾರ್ಚ್‌ನಲ್ಲಿ ಕ್ರಿಮಿಯಾ, ಮೇ ತಿಂಗಳಲ್ಲಿ ಶಾಂಘೈನಲ್ಲಿ ಪವರ್ ಆಫ್ ಸೈಬೀರಿಯಾ ಗ್ಯಾಸ್ ಒಪ್ಪಂದ, 30 ವರ್ಷಕ್ಕೆ 40,000 ಕೋಟಿ ಡಾಲರ್, ವರ್ಷಕ್ಕೆ 3,800 ಕೋಟಿ ಘನ ಮೀಟರ್. ವರ್ಷಗಟ್ಟಲೆ ದರ ಕುದುರದೆ ನಿಂತಿದ್ದ ಮಾತುಕತೆ ನಿರ್ಬಂಧಗಳ ಒತ್ತಡ ಬಂದ ಎರಡೇ ತಿಂಗಳಲ್ಲಿ ಮುಗೀತು. 2022ರ ಫೆಬ್ರವರಿ 4ಕ್ಕೆ ಪುಟಿನ್ ಮತ್ತೆ ಚೀನಾ ಅಧ್ಯಕ್ಷ ಷಿ ಮಿತಿಯಿಲ್ಲದ ಸ್ನೇಹ ಅಂತ ಜಂಟಿ ಹೇಳಿಕೆ ಕೊಟ್ರು, ಮೂರು ವಾರದೊಳಗೆ ಉಕ್ರೇನ್ ಯುದ್ಧ. ಜಪಾನ್ ಈ ಸಲ 2014ರ ಥರ ಮೆಲ್ಲಗೆ ನಡ್ಕೊಳ್ಲಿಲ್ಲ, ಪಶ್ಚಿಮದ ಜೊತೆ ಸೇರಿ ರಷ್ಯಾದ ಕೇಂದ್ರ ಬ್ಯಾಂಕಿನ ಆಸ್ತಿಗೂ ಕೈ ಹಾಕ್ತು. ಮಾರ್ಚ್‌ನಲ್ಲಿ ರಷ್ಯಾ ಶಾಂತಿ ಒಪ್ಪಂದದ ಮಾತುಕತೆ ನಿಲ್ಲಿಸ್ತು, ಸೆಪ್ಟೆಂಬರ್‌ನಲ್ಲಿ ದ್ವೀಪದ ಹಳೇ ನಿವಾಸಿಗಳಿಗೆ ವೀಸಾ ಇಲ್ಲದೆ ಹೋಗಿಬರೋ ವ್ಯವಸ್ಥೆ ರದ್ದು ಮಾಡ್ತು. ತಮ್ಮ ಅಪ್ಪ-ಅಮ್ಮನ ಸಮಾಧಿ ನೋಡೋಕೆ ಹೋಗ್ತಿದ್ದ ಆ ಜನರ ಸರಾಸರಿ ವಯಸ್ಸು 85 ದಾಟಿದೆ. ನಂಗೆ ಅತ್ಯಂತ ಕ್ರೂರ ಅನ್ಸಿದ್ದು ಇದು, ಇದ್ರಿಂದ ರಷ್ಯಾಗೆ ಯಾವ ಲಾಭನೂ ಇಲ್ಲ.

ಇಷ್ಟಾದ್ರೂ ಎಲ್ಲ ಕಡಿದುಹೋಗಿಲ್ಲ. ಹೊಕ್ಕೈಡೋದ ನೊಸಪ್ಪು ತುದಿಯಿಂದ ಹಬೋಮಾಯ್ ಗುಂಪಿನ ಕೈಗರ ದ್ವೀಪಕ್ಕೆ 3.7 ಕಿ.ಮೀ. ಅಷ್ಟೇ. ಅದರ ಸುತ್ತ ಬೆಳೆಯೋ ಕೊಂಬು ಅನ್ನೋ ತಿನ್ನೋ ಕಡಲಪಾಚಿ ಕೀಳೋಕೆ ಜಪಾನಿ ಮೀನುಗಾರರಿಗೆ 1963ರಿಂದ ಒಂದು ಖಾಸಗಿ ಒಪ್ಪಂದ ಇದೆ, ರಷ್ಯಾಗೆ ಶುಲ್ಕ ಕಟ್ಟಿ ಹೋಗ್ತಾರೆ. 2022ರಲ್ಲೂ ಅದು ತಡವಾಗಿಯಾದ್ರೂ ನಡೀತು. ದೊಡ್ಡ ಮಟ್ಟದಲ್ಲಿ ನೋಡಿದ್ರೆ ಸಖಾಲಿನ್-2 ಗ್ಯಾಸ್ ಯೋಜನೆಯಿಂದ ಶೆಲ್ ಹೊರಗೆ ಹೋಯ್ತು, ಜಪಾನಿ ಕಂಪನಿಗಳಾದ ಮಿತ್ಸುಯಿಯ ಶೇ 12.5, ಮಿತ್ಸುಬಿಶಿಯ ಶೇ 10 ಪಾಲು ಹಾಗೇ ಉಳೀತು, ಯಾಕಂದ್ರೆ ಜಪಾನ್ ತರಿಸ್ಕೊಳ್ಳೋ ದ್ರವ ಅನಿಲದಲ್ಲಿ ಶೇ 9ರಷ್ಟು ಬರೋದು ಅಲ್ಲಿಂದ, ಹಡಗು ಕೆಲವೇ ದಿನದಲ್ಲಿ ಟೋಕಿಯೋ ಮುಟ್ಟುತ್ತೆ. ರಷ್ಯಾನೂ ಅವರನ್ನ ಓಡಿಸ್ಲಿಲ್ಲ, ಚೀನಾ ಬಿಟ್ಟು ಇನ್ನೊಬ್ಬ ಗಿರಾಕಿ ಇರ್ಲಿ ಅನ್ನೋ ಹಳೇ ಲೆಕ್ಕ ಇನ್ನೂ ಸತ್ತಿಲ್ಲ. ಪಕ್ಕದ ಸಖಾಲಿನ್-1ರಲ್ಲಿ ನಮ್ಮ ಓಎನ್‌ಜಿಸಿ ವಿದೇಶ್‌ನ ಶೇ 20 ಪಾಲಿದೆ, ಅದೂ ಇದೇ ಕಾರಣಕ್ಕೆ ಮಾಸ್ಕೋಗೆ ಬೇಕಾದದ್ದು. 2019ರಲ್ಲಿ ಮೋದಿಯವರನ್ನ ವ್ಲಾಡಿವೊಸ್ಟಾಕ್ ಸಮಾವೇಶಕ್ಕೆ ಮುಖ್ಯ ಅತಿಥಿಯಾಗಿ ಕರೆದಿದ್ದು, ಚೆನ್ನೈ-ವ್ಲಾಡಿವೊಸ್ಟಾಕ್ ಹಡಗು ಮಾರ್ಗದ ಮಾತು ಎಲ್ಲ ಇದೇ ಲೆಕ್ಕದಲ್ಲಿ ನೋಡ್ಬೇಕು.

ಇನ್ನು ಸ್ನೇಹ ನಿಜಾನಾ ಅನ್ನೋ ನಿಮ್ಮ ಎರಡನೇ ಪ್ರಶ್ನೆ. ಅಮೆರಿಕದ ಯಜಮಾನಿಕೆ ಬೇಡ ಅನ್ನೋದ್ರಲ್ಲಿ ಇಬ್ಬರದ್ದೂ ನಿಜವಾದ ಒಮ್ಮತ. 2019ರಿಂದ ಇಬ್ಬರ ಬಾಂಬರ್ ವಿಮಾನಗಳು ಜಪಾನ್ ಸುತ್ತ ಒಟ್ಟಿಗೆ ಹಾರಾಡ್ತಿವೆ, 2022ರ ಮೇ 24ಕ್ಕೆ ಟೋಕಿಯೋದಲ್ಲಿ ಕ್ವಾಡ್ (ಅಮೆರಿಕ, ಜಪಾನ್, ಆಸ್ಟ್ರೇಲಿಯಾ, ಭಾರತದ ಕೂಟ) ಸಭೆ ನಡೀತಿರೋವಾಗಲೇ ಹಾರಿದ್ವು, ಅವತ್ತು ನಮ್ಮ ಪ್ರಧಾನಿನೂ ಅಲ್ಲೇ ಇದ್ರು. 2023ರಲ್ಲಿ ವ್ಯಾಪಾರ 24,000 ಕೋಟಿ ಡಾಲರ್ ಮುಟ್ತು. ಆದ್ರೆ ರಷ್ಯಾದ ವ್ಯಾಪಾರದಲ್ಲಿ ಚೀನಾ ಮೂರನೇ ಒಂದು ಭಾಗ, ಚೀನಾದ ವ್ಯಾಪಾರದಲ್ಲಿ ರಷ್ಯಾ ಶೇ 4ರ ಹತ್ರ. ಕ್ರಿಮಿಯಾ ರಷ್ಯಾದ್ದು ಅಂತ ಚೀನಾ ಇವತ್ತಿಗೂ ಒಪ್ಪಿಲ್ಲ, ರಷ್ಯಾ ಇನ್ನೂ ವಿಯೆಟ್ನಾಂಗೂ ನಮಗೂ ಆಯುಧ ಮಾರುತ್ತೆ. 2023ರಲ್ಲಿ ಚೀನಾ ತನ್ನ ನಕ್ಷೆಗಳಲ್ಲಿ ವ್ಲಾಡಿವೊಸ್ಟಾಕ್ ಪಕ್ಕ ಹೈಶೆನ್‌ವಾಯ್ ಅನ್ನೋ ಹಳೇ ಚೀನೀ ಹೆಸರೂ ಹಾಕ್ಬೇಕು ಅಂತ ನಿಯಮ ತಂತು, ಅದೇ ವರ್ಷ ಜೂನ್‌ನಿಂದ ಜಿಲಿನ್ ಪ್ರಾಂತ್ಯದ ಸರಕು ಅದೇ ಬಂದರಿನ ಮೂಲಕ ಓಡಾಡೋಕೂ ಶುರು ಆಯ್ತು. ಕ್ಲೇಮು ಮುಗಿದಿದೆ, ನೆನಪು ಮುಗಿದಿಲ್ಲ.

ತುಮೆನ್ ನದಿ ನೋಡಿದ್ರೆ ಇನ್ನೂ ಸ್ಪಷ್ಟ ಆಗುತ್ತೆ. ಚೀನಾ ಗಡಿ ಸಮುದ್ರಕ್ಕೆ ಸುಮಾರು 15 ಕಿ.ಮೀ. ಮುಂಚೆನೇ ನಿಂತುಹೋಗುತ್ತೆ, ಆ ಕೊನೇ ತುಂಡು ರಷ್ಯಾ ಮತ್ತೆ ಉತ್ತರ ಕೊರಿಯಾ ಮಧ್ಯೆ ಹರಿಯುತ್ತೆ. ಮೇಲೆ ಸೋವಿಯತ್ ಕಾಲದ ರೈಲು ಸೇತುವೆ ಎಷ್ಟು ತಗ್ಗಾಗಿದೆ ಅಂದ್ರೆ ದೊಡ್ಡ ಹಡಗು ಅದರಡಿ ದಾಟೋಕಾಗಲ್ಲ. ಅಲ್ಲಿಂದ ಜಪಾನ್ ಸಮುದ್ರಕ್ಕೆ ದಾರಿ ಬಿಡಿ ಅಂತ ಚೀನಾ ದಶಕಗಳಿಂದ ಕೇಳ್ತಿದೆ. 2024ರ ಮೇ ತಿಂಗಳ ಜಂಟಿ ಹೇಳಿಕೆಯಲ್ಲಿ, ಉತ್ತರ ಕೊರಿಯಾ ಜೊತೆ ಸೇರಿ ಈ ಬಗ್ಗೆ ಮಾತಾಡೋಣ ಅನ್ನೋ ಸಾಲು ಮೊದಲ ಬಾರಿಗೆ ಈ ಮಟ್ಟದಲ್ಲಿ ಬಂತು. ಮಾತಾಡೋಣ ಅಂತಷ್ಟೇ ಇದೆ, ಬಿಡ್ತೀವಿ ಅಂತಿಲ್ಲ. ಮುಂದಿನ ತಿಂಗಳೇ ಪುಟಿನ್ ಪ್ಯೊಂಗ್ಯಾಂಗಿಗೆ ಹೋಗಿ ಕಿಮ್ ಜೊತೆ ತನ್ನದೇ ಬೇರೆ ರಕ್ಷಣಾ ಒಪ್ಪಂದ ಮಾಡ್ಕೊಂಡು ಬಂದ್ರು.

ಮುಂದೆ ಇವರ ಸಂಬಂಧ ಎತ್ತ ಹೋಗ್ತಿದೆ ಅಂತ ತಿಳ್ಕೋಬೇಕಾದ್ರೆ ಶೃಂಗಸಭೆಯ ಫೋಟೋ ಬಿಟ್ಟು ಪವರ್ ಆಫ್ ಸೈಬೀರಿಯಾ-2 ಪೈಪ್‌ಲೈನಿನ ದರ ಗಮನಿಸ್ತಾ ಇರಿ ಅಂತ ನನ್ನ ಸಲಹೆ. ಮೊದಲನೇ ಪೈಪಿನ ಗ್ಯಾಸ್ ಪೂರ್ವ ಸೈಬೀರಿಯಾದ ಬೇರೆ ಬಾವಿಗಳಿಂದ ಬರುತ್ತೆ, ಅದು ಯೂರೋಪಿಗೆ ಹೋಗ್ತಿದ್ದ ಗ್ಯಾಸ್ ಅಲ್ವೇ ಅಲ್ಲ. ಎರಡನೇದು ಮಂಗೋಲಿಯಾ ಮೇಲಿಂದ ವರ್ಷಕ್ಕೆ 5,000 ಕೋಟಿ ಘನ ಮೀಟರ್ ತರೋದು, ಯೂರೋಪ್ ಬಿಟ್ಟುಬಿಟ್ಟ ಪಶ್ಚಿಮ ಸೈಬೀರಿಯಾದ ಬಾವಿಗಳನ್ನ ಮೊದಲ ಸಲ ಚೀನಾಗೆ ಜೋಡಿಸೋದು. 2025ರ ಸೆಪ್ಟೆಂಬರ್‌ನಲ್ಲಿ ರಷ್ಯಾದ ಸರ್ಕಾರಿ ಗ್ಯಾಸ್ ಕಂಪನಿ ಗ್ಯಾಜ್‌ಪ್ರಾಮ್ ಇದಕ್ಕೆ ಬದ್ಧತೆಯ ಒಡಂಬಡಿಕೆಗೆ ಸಹಿ ಆಯ್ತು ಅಂತ ಘೋಷಿಸ್ತು, ದರ ಮಾತ್ರ ಆಮೇಲೆ ಹೇಳ್ತೀವಿ ಅಂತು. ರಷ್ಯಾ ತನ್ನ ದೇಶದೊಳಗಿನ ದರದ ಹತ್ತಿರಕ್ಕೆ ಇಳಿದು ಮಾರೋಕೆ ಒಪ್ಕೊಂಡ್ರೆ ತೂಗಿಸೋ ಆಟ ಮುಗೀತು ಅಂತ ಅರ್ಥ. ಇಳೀದೆ ಎಳೆದಾಡ್ತಾ ಕೂತ್ರೆ, ಸಖಾಲಿನ್‌ನಲ್ಲಿ ಮಿತ್ಸುಯಿ, ಮಿತ್ಸುಬಿಶಿ, ಓಎನ್‌ಜಿಸಿ ಪಾಲುಗಳಿಗೆ ಇನ್ನೂ ಬೆಲೆ ಇದೆ, ಯುದ್ಧ ನಿಂತ ಮೇಲೆ ಟೋಕಿಯೋ ಜೊತೆ ಮಾತು ಶುರು ಮಾಡೋಕೆ ಮಾಸ್ಕೋಗೆ ಕಾರಣನೂ ಇರುತ್ತೆ. ಆದ್ರೆ ಆ ಮಾತುಕತೆ ಮೀನುಗಾರಿಕೆ, ಸಮಾಧಿ ಭೇಟಿ, ಗ್ಯಾಸ್ ಇಷ್ಟರ ಸುತ್ತಲೇ ಇರುತ್ತೆ, ಅಮೆರಿಕದ ನೆಲೆಗಳು ಜಪಾನ್‌ನಲ್ಲಿ ಇರೋವರೆಗೂ ದ್ವೀಪದ ವಿಷಯ ಮೇಜಿನ ಮೇಲೆ ಬರಲ್ಲ ಅನ್ನೋದು ನನ್ನ ಅಂದಾಜು.